ಹಿಂದಿನಂತೆ

ಮಾರ್ಚ್ 3, ಸೋಮವಾರ. ಮಧ್ಯಾಹ್ನ 2.10

ಹಲ್ಲಿನ ಕ್ಲಿನಿಕ್ಕಿನಲ್ಲಿ ಬೆಳಗಿನ ಸರದಿ ಮುಗಿಯಿತು. ಹತ್ತೊಂಬತ್ತು ಬಾಯಿ. ಕನ್ನಡಿ, ಚಿಮುಟ, ಕೊಕ್ಕೆ ಎಲ್ಲ ತೊಳೆದು, ಆವಿಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕಿದೆ. ಅದು ಕೂಗುವವರೆಗಿನ ಅರ್ಧ ಗಂಟೆ ಇಷ್ಟು ವರ್ಷ ನನ್ನದಾಗಿತ್ತು. ಚಹಾ, ಎರಡು ಬಿಸ್ಕತ್ತು, ಕಾಲು ಸ್ಟೂಲಿನ ಮೇಲೆ. ಇನ್ನು ಅದೂ ಇಲ್ಲ.

ಚಿಕ್ಕ ಡಾಕ್ಟರ್ — ದೊಡ್ಡ ಡಾಕ್ಟರ ಮಗಳು, ಓದು ಮುಗಿಸಿ ಜನವರಿಯಲ್ಲಿ ಬಂದು ಕೂತವಳು — ಕಂಪ್ಯೂಟರ್ ತರಿಸಿದ್ದಾಳೆ. ಹಳೇ ಕಾರ್ಡುಗಳೆಲ್ಲ ಅದರೊಳಕ್ಕೆ ಹೋಗಬೇಕಂತೆ. ಹದಿನಾಲ್ಕು ವರ್ಷದ ಕಾರ್ಡು, ಮೂರು ಕಪಾಟು. ಯಾರು ಟೈಪ್ ಮಾಡಬೇಕು? ನಾನು. ಯಾಕೆ?

"ಆಂಟಿ, ನಿಮ್ಮ ಅಕ್ಷರ ನಿಮಗೆ ಬಿಟ್ಟು ಬೇರೆ ಯಾರಿಗೂ ಓದೋಕೆ ಬರಲ್ಲ, ಅದಕ್ಕೆ."

ನಗುತ್ತಾ ಹೇಳಿದಳು. ಶಾಲೆಯಲ್ಲಿ ಕೈಬರಹಕ್ಕೆ ಬಹುಮಾನ ತೆಗೆದುಕೊಂಡವಳು ನಾನು. ಇವಳ ಅಪ್ಪ ಸಿಂಕಿನ ಕಡೆ ತಿರುಗಿ ಕೈ ತೊಳೆಯುತ್ತಾ ಗೊಣಗುವುದನ್ನು ಹಿಂದೆಯೇ ಓಡೋಡಿ ಬರೆದರೆ ಮುತ್ತು ಪೋಣಿಸಿದ ಹಾಗೆ ಬರುತ್ತದೆಯೇ?

ಇನ್ನೊಂದು ಪ್ರಶ್ನೆ ಬೇರೆ. "ಒಂದೇ ಕವರಿನಲ್ಲಿ ಗಂಡ ಹೆಂಡತಿ ಮಕ್ಕಳ ಕಾರ್ಡೆಲ್ಲ ಯಾಕೆ ತುರುಕಿದ್ದೀರಿ?" ಮನೆಗೊಂದು ಕವರು ನನ್ನ ಬುದ್ಧಿ. ಒಂದು ಕಪಾಟು ಉಳಿಯಿತು. ದೊಡ್ಡ ಡಾಕ್ಟರ್ ಅಂದು ಶಭಾಷ್ ಅಂದಿದ್ದರು. ಹದಿನಾಲ್ಕು ವರ್ಷದಲ್ಲಿ ಅವರು ಶಭಾಷ್ ಅಂದದ್ದು ಅದೊಂದೇ ಸಲ, ಅದಕ್ಕೂ ಈಗ ಕಣ್ಣು ಬಿತ್ತು.

ಕೂಗುತ್ತಿದೆ. ಎದ್ದೆ.

ಮಾರ್ಚ್ 4, ಮಂಗಳವಾರ. ಸಂಜೆ 6.30

ರೈಲಿನಲ್ಲಿ ಬರೆಯುತ್ತಿದ್ದೇನೆ. ಸೀಟು ಸಿಕ್ಕಿತು, ಪುಣ್ಯ.

ಇಂದು ವಾಚಿನವರ ಕವರಿನಲ್ಲಿ ಸಿಕ್ಕಿಕೊಂಡೆ. ನಮ್ಮೂರ ಸ್ಟೇಷನ್ ಎದುರಿನ ವಾಚ್ ರಿಪೇರಿ ಅಂಗಡಿಯವರು, ಅವರ ಹೆಂಡತಿ. ಹೆಂಡತಿಯನ್ನು ಊರಿಗೆ ಊರೇ ಬಲ್ಲದು, ಮುಖದಿಂದಲ್ಲ, ದನಿಯಿಂದ. ಸ್ಟೇಷನ್ನಿನ ಮೈಕಿನಲ್ಲಿ ರೈಲಿನ ಹೊತ್ತು ಹೇಳುವವರು ಅವರೇ. ಸ್ಟೇಷನ್ ಅಕ್ಕ. "ದಯವಿಟ್ಟು ಗಮನಿಸಿ" ಎಂದು ಅವರು ಅಂದರೆ ಮಲಗಿದ್ದ ನಾಯಿಯೂ ತಲೆ ಎತ್ತಿ ಗಮನಿಸುತ್ತದೆ.

ಗಂಡನ ಕಾರ್ಡು ಸಲೀಸಾಗಿ ಹೋಯಿತು. ಅಕ್ಕನ ಕಾರ್ಡಿನಲ್ಲಿ ಆರು ವರ್ಷದ ಹಿಂದೆ ಒಂದು ಸಾಲು: ಮೇಲೆ ಎಡಗಡೆ, ಆರನೇ ಹಲ್ಲಿನ ಪಕ್ಕ, ಅಂಗುಳಿನ ಅಂಚಿನಲ್ಲಿ ಸಿಲ್ವರ್ ಕಲೆ, ನಿರಪಾಯ. ಆಮೇಲೆ ಪ್ರತಿ ವರ್ಷವೂ 'ಹಿಂ.' 'ಹಿಂ.' 'ಹಿಂ.' — ಅಂದರೆ ಹಿಂದಿನಂತೆ. ನಮ್ಮ ಪದ್ಧತಿ ಅದು. ತಪಾಸಣೆಗೆ ಕೂತವರ ಕಳೆದ ಸಲದ ಸಾಲನ್ನು ನಾನು ಗಟ್ಟಿಯಾಗಿ ಓದುತ್ತೇನೆ. ದೊಡ್ಡ ಡಾಕ್ಟರ್ ಕನ್ನಡಿ ಆಡಿಸಿ "ಹಾಂ, ಹಿಂದಿನಂತೆ" ಎನ್ನುತ್ತಾರೆ. ನಾನು 'ಹಿಂ.' ಬರೆಯುತ್ತೇನೆ. ಮುಂದಿನ ಬಾಯಿ.

ಸಿಲ್ವರ್ ಕಲೆ ಎಂದರೆ ದೊಡ್ಡ ವಿಷಯವಲ್ಲ. ಹಲ್ಲಿಗೆ ಸಿಲ್ವರ್ ತುಂಬಿಸುವಾಗಲೋ ಕೊರೆಯುವಾಗಲೋ ಅದರ ಪುಡಿ ಪಕ್ಕದ ಮಾಂಸದೊಳಗೆ ಸೇರಿ ನೀಲಿ ಕಲೆಯಾಗಿ ನಿಲ್ಲುತ್ತದೆ. ಹಚ್ಚೆ ಹಾಕಿಸಿಕೊಂಡ ಹಾಗೆ, ಸಾಯುವವರೆಗೂ ಇರುತ್ತದೆ, ತೊಂದರೆ ಕೊಡುವುದಿಲ್ಲ.

ಆದರೆ ಈ ಕಂಪ್ಯೂಟರ್ ಒಂದು ಮೊಂಡು ಪ್ರಾಣಿ. ಸಿಲ್ವರ್ ಕಲೆ ಎಂದು ಹಾಕಿದ ಕೂಡಲೇ ಕೆಂಪು ಚೌಕ ತೆರೆದು ಕೇಳುತ್ತದೆ: ಸಿಲ್ವರ್ ಯಾವ ಹಲ್ಲಿನಲ್ಲಿ? ಹೇಳದೆ ಮುಂದಕ್ಕೆ ಬಿಡುವುದಿಲ್ಲ. ಕಾರ್ಡು ತಿರುವಿದೆ. ಅಕ್ಕನಿಗೆ ಸಿಲ್ವರ್ ತುಂಬಿಸಿದ ದಾಖಲೆಯೇ ಇಲ್ಲ. ಎಕ್ಸ್‌ರೇ ಲೈಟಿಗೆ ಹಿಡಿದೆ. ಒಂದು ಹಲ್ಲಿನಲ್ಲೂ ಏನೂ ತುಂಬಿಸಿಲ್ಲ, ಒಂದು ತೂತೂ ಇಲ್ಲ.

ಸಿಲ್ವರ್ ಇಲ್ಲದೆ ಸಿಲ್ವರ್ ಕಲೆ ಎಲ್ಲಿಂದ ಬಂತು?

ಮಾರ್ಚ್ 5, ಬುಧವಾರ. ಸಂಜೆ

ದೊಡ್ಡ ಡಾಕ್ಟರಿಗೆ ಹೇಳಿದೆ. ಪೇಪರ್‌ನಿಂದ ಕಣ್ಣೆತ್ತಲಿಲ್ಲ.

"ಬೇರೆ ಕಡೆ ತೆಗೆಸಿರ್ತಾರಮ್ಮ. ಸಿಲ್ವರ್ ಹೋಗುತ್ತೆ, ಕಲೆ ಇರುತ್ತೆ."

"ಎಕ್ಸ್‌ರೇನಲ್ಲಿ ತೂತೇ ಇಲ್ಲ ಡಾಕ್ಟ್ರೇ."

"ಆರು ವರ್ಷದಿಂದ ಇರೋ ಕಲೆ. ಕೆಟ್ಟದ್ದಾಗಿದ್ರೆ ಇಷ್ಟೊತ್ತಿಗೆ ಗೊತ್ತಾಗ್ತಿರಲಿಲ್ವಾ? ಏನೋ ಒಂದು ಹಾಕಿ ಮುಂದೆ ಹೋಗು."

ಏನೋ ಒಂದು ಹಾಕಿ ಎಂದರೆ? ಇಲ್ಲದ ಹಲ್ಲಿಗೆ ಇಲ್ಲದ ಸಿಲ್ವರ್ ಹಾಕುವುದೇ? ಮೈ ಉರಿಯಿತು. ಬಾಯಿ ತೆರೆದು ಕೂತವರಿಗಿಂತ ಬಾಯಿ ಮುಚ್ಚಿ ನಿಂತವರೇ ಈ ಕ್ಲಿನಿಕ್ಕಿನಲ್ಲಿ ಹೆಚ್ಚು ನೋವು ತಿಂದಿದ್ದಾರೆ.

ಮನೆಗೆ ಬಂದು ಅತ್ತೆಯ ಮುಂದೆ ಕಾರಿಕೊಂಡೆ. ಮನೆಯಲ್ಲಿ ನಾವಿಬ್ಬರೇ. ಅವರ ಮಗ ಹೋಗಿ ಎಂಟು ವರ್ಷವಾಯಿತು. ಅಂದಿನಿಂದ ಒಬ್ಬರ ತಲೆ ಒಬ್ಬರು ತಿಂದುಕೊಂಡು ಬದುಕಿದ್ದೇವೆ. ಬಟ್ಟೆ ಮಡಚುತ್ತಾ ಎಲ್ಲ ಕೇಳಿದರು.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ. ನಿಮ್ಮ ಡಾಕ್ಟ್ರು ಆ ಜಾತಿ. ನೀನೇ ಹೋಗಿ ಕೇಳು ಆ ಹೆಂಗಸನ್ನ."

ಕೇಳುತ್ತೇನೆ.

ಮಾರ್ಚ್ 6, ಗುರುವಾರ. ಬೆಳಿಗ್ಗೆ 8.40

ಅರ್ಧ ಗಂಟೆ ಮುಂಚೆ ಹೊರಟು ಸ್ಟೇಷನ್ನಿನ ಮೈಕಿನ ಕೋಣೆಗೆ ಹೋದೆ. ಒಂದನೇ ಪ್ಲಾಟ್‌ಫಾರಂನ ಕೊನೆಯಲ್ಲಿ ಗಾಜಿನ ಕೋಣೆ. ಮೇಜಿನ ಮೇಲೆ ಮೈಕು, ಬಿಸಿನೀರಿನ ಲೋಟ, ಗಂಡ ರಿಪೇರಿ ಮಾಡಿಕೊಟ್ಟ ದೊಡ್ಡ ಗಡಿಯಾರ. ಅಕ್ಕ ಒಂದು ರೈಲು ಕಳಿಸಿ ನನ್ನ ಕಡೆ ತಿರುಗಿದರು.

"ಏನ್ ಸಿಸ್ಟರ್, ಇಲ್ಲಿ?"

ನಾನು ನರ್ಸೂ ಅಲ್ಲ, ಯಾರ ಸಿಸ್ಟರೂ ಅಲ್ಲ. ಆದರೂ ಎಲ್ಲರಿಗೂ ಸಿಸ್ಟರ್. ಹೋಗಲಿ.

"ಅಕ್ಕ, ನೀವು ಯಾವಾಗಾದ್ರೂ ಹಲ್ಲಿಗೆ ಸಿಲ್ವರ್ ತುಂಬಿಸಿದ್ರಾ? ಇಲ್ಲಿ ಅಲ್ಲದಿದ್ರೆ ಬೇರೆ ಎಲ್ಲಾದ್ರೂ?"

"ನನ್ನ ಹಲ್ಲಿಗೆ ಇವತ್ತಿನವರೆಗೂ ಡ್ರಿಲ್ ಮುಟ್ಟಿಲ್ಲ. ಸಿಲ್ವರ್ ಎಲ್ಲ ನಮ್ಮ ಯಜಮಾನರ ಬಾಯಲ್ಲಿದೆ." ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ಆದ್ರೆ ಒಂದು ವಿಷಯ. ಒಂದೂವರೆ ವರ್ಷದಿಂದ ಅಂಗುಳಲ್ಲಿ ನಾಲಿಗೆಗೆ ಏನೋ ತಟ್ಟುತ್ತೆ. ಹೋದ ಸಲ ದೊಡ್ಡ ಡಾಕ್ಟ್ರಿಗೆ ಹೇಳಿದೆ. ಅದು ಹಳೇ ಕಲೆ, ಕಾರ್ಡಲ್ಲಿದೆ ಅಂದ್ರು. ಕಾರ್ಡಲ್ಲಿ ಇದ್ರೆ ಸರಿ ಇರ್ಬೇಕು ಅಂತ ಸುಮ್ಮನಾದೆ."

ಮೊಬೈಲ್ ಟಾರ್ಚ್ ಹಾಕಿ "ಬಾಯಿ ತೆಗೀರಿ" ಅಂದೆ. ಹದಿನಾಲ್ಕು ವರ್ಷ ತಪಾಸಣೆಯ ಹೊತ್ತಿನಲ್ಲಿ ನನ್ನ ಜಾಗ ಮೇಜಿನ ಹಿಂದೆ. ನಾನು ಬಾಯಿ ನೋಡುವವಳಲ್ಲ, ಬಾಯಿಂದ ಬಂದದ್ದನ್ನು ಬರೆಯುವವಳು. ಇಂದು ನೋಡಿದೆ.

ನೀಲಿ ಅಲ್ಲ. ಕಪ್ಪು. ಒಂದು ಕಡೆ ಕಂದು. ಒದ್ದೆ ಕಾಗದಕ್ಕೆ ಮಸಿ ಬಿದ್ದು ಹರಡಿದ ಹಾಗೆ ಅಂಚು. ನಡುವೆ ಸ್ವಲ್ಪ ಉಬ್ಬು. ಇನ್ನೂ ಹತ್ತಿರದಿಂದ ನೋಡಲು ಬಗ್ಗಿದಾಗ ಟಾರ್ಚ್ ಅವರ ಮೂಗಿಗೆ ತಗುಲಿತು.

"ಏನಿದೆ?" ಅಂದರು.

"ನಾಳೆ ಕ್ಲಿನಿಕ್ಕಿಗೆ ಬನ್ನಿ. ಚಿಕ್ಕ ಡಾಕ್ಟರ್ ನೋಡ್ತಾರೆ."

ನನ್ನ ರೈಲು ಬಂತು. ಅದನ್ನು ಹೇಳುವಾಗ ಅವರ ದನಿ ಒಂದಿಷ್ಟೂ ಅಲುಗಲಿಲ್ಲ.

ಮಾರ್ಚ್ 7, ಶುಕ್ರವಾರ

ರಣರಂಗ.

ಅಕ್ಕ ಬಂದು ಕುರ್ಚಿಯಲ್ಲಿ ಕೂತು "ಸಿಸ್ಟರ್ ಬರೋಕೆ ಹೇಳಿದ್ರು" ಅಂದರು. ದೊಡ್ಡ ಡಾಕ್ಟರ್ ನನ್ನನ್ನು ಎಕ್ಸ್‌ರೇ ಕೋಣೆಗೆ ಕರೆದು ಬಾಗಿಲು ಹಾಕಿದರು.

"ಪೇಷಂಟ್ ಬಾಯಿಗೆ ಟಾರ್ಚ್ ಬಿಡೋಕೆ ನೀನ್ಯಾರು? ನೀನು ಡಾಕ್ಟರಾ?"

"ಅಲ್ಲ. ಡಾಕ್ಟರ್ ಆಗಿದ್ದವರು ನೋಡಲಿಲ್ಲ, ಅದಕ್ಕೆ ನಾನು ನೋಡಿದೆ."

ಹದಿನಾಲ್ಕು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದ್ದು ಇದೇ ಮೊದಲು. ಅವರ ಕಿವಿ ಕೆಂಪಾಯಿತು. ನನ್ನದೂ ಆಗಿರಬೇಕು, ಬಿಸಿ ಗೊತ್ತಾಗುತ್ತಿತ್ತು. ಹೊರಗೆ ಬಂದರೆ ಚಿಕ್ಕ ಡಾಕ್ಟರ್ ಆಗಲೇ ಲೈಟ್ ಎಳೆದುಕೊಂಡು ಸಣ್ಣ ಸ್ಕೇಲು ಹಿಡಿದು ಅಕ್ಕನ ಬಾಯಿ ಅಳೆಯುತ್ತಿದ್ದಳು.

"ಆಂಟಿ, ಬರ್ಕೊಳ್ಳಿ. ಒಂಬತ್ತು ಮಿಲಿಮೀಟರ್. ಅಂಚು ಏರುಪೇರು. ಬಣ್ಣ ಒಂದೇ ಥರ ಇಲ್ಲ. ಮಧ್ಯದಲ್ಲಿ ಉಬ್ಬಿದೆ." ಅಪ್ಪನ ಕಡೆ ತಿರುಗಿದಳು. "ಇದು ಸಿಲ್ವರ್ ಅಲ್ಲ ಅಪ್ಪ."

ಅವರು ಬಂದರು, ಕನ್ನಡಿ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಅಕ್ಕನನ್ನು ದೊಡ್ಡಾಸ್ಪತ್ರೆಗೆ ಬಯಾಪ್ಸಿಗೆ ಕಳಿಸುವ ಚೀಟಿ ತಾವೇ ಬರೆದರು, ಬರೆಯಲು ನನಗೆ ಕೊಡಲಿಲ್ಲ.

ಗೆದ್ದೆ ಅನಿಸಬೇಕಿತ್ತು. ಸಿಟ್ಟೇ ಉಳಿದಿದೆ. ಆರು ವರ್ಷ ಆ ಮನುಷ್ಯ ಕನ್ನಡಿ ಹಿಡಿದು ಏನನ್ನು ನೋಡುತ್ತಿದ್ದರು? ತನ್ನ ಮೀಸೆಯನ್ನೇ?

ಮಾರ್ಚ್ 12, ಬುಧವಾರ. ಸಂಜೆ 6.35

ರಿಪೋರ್ಟ್ ಬಂದಿಲ್ಲ. ತುಣುಕು ತೆಗೆದು ಕಳಿಸಿದ್ದಾರಂತೆ. ಅಕ್ಕ ಎರಡು ದಿನ ರಜೆ ಹಾಕಿ ಮತ್ತೆ ಮೈಕಿನಲ್ಲಿ ಕೂತಿದ್ದಾರೆ. 'ಸ' ಹೇಳುವಾಗ ಸ್ವಲ್ಪ ಎಳೆಯುತ್ತಾರೆ, ಹೊಲಿಗೆ ಇದೆ. ನನಗೆ ಬಿಟ್ಟರೆ ಯಾರಿಗೂ ಗೊತ್ತಾಗಲಾರದು.

ವಾಚಿನವರು ಪ್ಲಾಟ್‌ಫಾರಂನಲ್ಲಿ ಅಡ್ಡ ನಿಂತರು. ಹಣೆಗೆ ವಾಚು ನೋಡುವ ಭೂತಗನ್ನಡಿ ಹಾಗೇ ಇತ್ತು.

"ಸಿಸ್ಟರ್, ನೀವು ಹೇಳದಿದ್ರೆ ಇವಳು ಇನ್ನೊಂದು ವರ್ಷ ಹೀಗೇ ಇರ್ತಿದ್ಳು. ನಿಮ್ಮ ಋಣ ತೀರಿಸೋಕಾಗಲ್ಲ. ಆದ್ರೆ ಆ ಮುದುಕನ್ನ ಬಿಡಲ್ಲ ನಾನು. ಡೆಂಟಲ್ ಕೌನ್ಸಿಲ್‌ಗೆ ಬರೀತೀನಿ, ಬೋರ್ಡ್ ಇಳಿಸ್ತೀನಿ. ನೀವೇ ಮೊದಲು ಕಂಡುಹಿಡಿದವರು. ಸಾಕ್ಷಿ ಹಾಕ್ತೀರಾ?"

"ಹಾಕ್ತೀನಿ" ಅಂದೆ. ಯೋಚಿಸಲಿಲ್ಲ. ಯೋಚಿಸುವುದಕ್ಕೇನಿದೆ? ಒಂದು ಸಲವಾದರೂ ನನ್ನ ಹೆಸರು ಒಂದು ಕಾಗದದ ಕೆಳಗೆ ಬರಲಿ. ಹದಿನಾಲ್ಕು ವರ್ಷ ಬರೆದದ್ದಕ್ಕೆಲ್ಲ ಕೆಳಗೆ ಅವರದ್ದೇ ಸಹಿ.

ಮಾರ್ಚ್ 14, ಶುಕ್ರವಾರ. ಮಧ್ಯಾಹ್ನ

ಬರೆಯಲು ಕೈ ಬರುತ್ತಿಲ್ಲ. ಆದರೂ.

ವಾಚಿನವರು ಬಂದಿದ್ದರು. ಹೆಂಡತಿಯ ಕಾರ್ಡಿನ ಜೆರಾಕ್ಸ್ ಬೇಕೆಂದರು. ದೊಡ್ಡ ಡಾಕ್ಟರ್ ಇರಲಿಲ್ಲ. ಚಿಕ್ಕ ಡಾಕ್ಟರ್ ಕೊಡಿ ಅಂದಳು, ಅವಳದ್ದು ಆ ವಿಷಯದಲ್ಲಿ ದೊಡ್ಡ ಮನಸ್ಸು. ನಾನು ಕವರು ತೆಗೆದೆ. ಅಷ್ಟರಲ್ಲಿ ಅವರು ಕುರ್ಚಿಯ ಕಡೆ ನೋಡಿದರು.

"ಡಾಕ್ಟ್ರೇ, ಬಂದಿದ್ದೀನಲ್ಲ, ನನ್ನ ಬಾಯೂ ಒಂದು ಸಲ ನೋಡ್ಬಿಡಿ. ಇವಳದ್ದು ನೋಡಿದ ಮೇಲೆ ಎಂಜಲು ನುಂಗೋಕೂ ಭಯ."

ಕೂತರು. ಬಾಯಿ ತೆಗೆದರು. ನಾನು ಅವರ ಕಾರ್ಡು ಹಿಡಿದು ಮೇಜಿನ ಹಿಂದೆ ಕೂತೆ. ಚಿಕ್ಕ ಡಾಕ್ಟರ್ ಹೇಳುತ್ತಾ ಹೋದಳು.

"ಮೇಲೆ ಎಡಗಡೆ, ಆರನೇ ಹಲ್ಲಲ್ಲಿ ಹಳೇ ಸಿಲ್ವರ್. ಅದರ ಪಕ್ಕ, ಅಂಗುಳಿನ ಅಂಚಿನಲ್ಲಿ… ಹಾಂ, ಇದು ನೋಡಿ, ಇದು ನಿಜವಾದ ಸಿಲ್ವರ್ ಕಲೆ. ನೀಲಿ, ಚಪ್ಪಟೆ. ಏನೂ ಭಯ ಇಲ್ಲ ಸರ್, ತುಂಬ ಹಳೇದು." ಆಮೇಲೆ ನನ್ನ ಕಡೆ. "ಆಂಟಿ, ಇವರ ಕಾರ್ಡಲ್ಲಿ ಇದು ಇದೆಯಾ?"

ಕಾರ್ಡು ನೋಡಿದೆ. ಇಲ್ಲ. ಪ್ರತಿ ವರ್ಷವೂ 'ಎಲ್ಲ ಸರಿ'. ಅದೇ ಕವರಿನ ಇನ್ನೊಂದು ಕಾರ್ಡು ಜೆರಾಕ್ಸ್ ಮೆಷಿನ್ ಮೇಲೆ ಬಿದ್ದಿತ್ತು. ಅದರಲ್ಲಿ ಇದೆ. ಮೇಲೆ ಎಡಗಡೆ, ಆರನೇ ಹಲ್ಲಿನ ಪಕ್ಕ, ಅಂಗುಳಿನ ಅಂಚಿನಲ್ಲಿ. ಚಿಕ್ಕ ಡಾಕ್ಟರ್ ಈಗ ಹೇಳಿದ ಜಾಗಕ್ಕೂ ಇದಕ್ಕೂ ಒಂದು ಅಕ್ಷರವೂ ವ್ಯತ್ಯಾಸವಿಲ್ಲ. ಆ ವರ್ಷ ಎರಡೂ ಕಾರ್ಡಿಗೆ ಒಂದೇ ತಾರೀಕು. ಗಂಡ ಹೆಂಡತಿ ಅಂದು ಒಟ್ಟಿಗೆ ಬಂದಿದ್ದರು.

ಗಂಡನ ಕಲೆಯನ್ನು ಹೆಂಡತಿಯ ಕಾರ್ಡಿಗೆ ಬರೆಯಲಾಗಿದೆ.

ಬರೆಯಲಾಗಿದೆ ಅಂತೆ. ಯಾರು ಬರೆದದ್ದು? ಆ ಅಕ್ಷರ ನನಗೆ ಬಿಟ್ಟು ಬೇರೆ ಯಾರಿಗೂ ಓದಲು ಬರುವುದಿಲ್ಲ.

"ಇದೆಯಾ ಆಂಟಿ?"

"ಬಿಟ್ಟುಹೋಗಿದೆ. ಈಗ ಸೇರಿಸ್ತೀನಿ" ಅಂದೆ.

ಜೆರಾಕ್ಸ್ ಮೆಷಿನ್ ಕೆಟ್ಟಿದೆ ಎಂದು ವಾಚಿನವರಿಗೆ ಹೇಳಿ ಕಳಿಸಿದೆ. ಒಂದೇ ಮಧ್ಯಾಹ್ನಕ್ಕೆ ಎರಡು ಸುಳ್ಳು.

ಮಾರ್ಚ್ 22, ಶನಿವಾರ

ಎಂಟು ದಿನ ಬರೆಯಲಿಲ್ಲ. ಬರೆಯುವುದರ ಮೇಲೇ ಅಸಹ್ಯ.

ಆ ದಿನ ನೆನಪಿಗೆ ಬರುತ್ತದೆಯೇ ಎಂದು ತಲೆ ಕೆರೆದುಕೊಂಡೆ. ಬರುವುದಿಲ್ಲ. ಹೇಗೆ ಬಂದೀತು? ಬಂದದ್ದು ಇಪ್ಪತ್ತು ಬಾಯಿ, ಕವರಿನಿಂದ ಎರಡು ಕಾರ್ಡು ತೆಗೆದಿರುತ್ತೇನೆ, ಮೇಲಿದ್ದದ್ದು ಹೆಂಡತಿಯದು, ಕುರ್ಚಿಯಲ್ಲಿ ಇದ್ದದ್ದು ಗಂಡ. ದೊಡ್ಡ ಡಾಕ್ಟರ್ ಸಿಂಕಿನ ಕಡೆ ತಿರುಗಿ "ಬರಿ" ಅಂದಿರುತ್ತಾರೆ. ನಾನು ತಲೆ ಎತ್ತದೆ ಬರೆದಿರುತ್ತೇನೆ. ಅಷ್ಟೇ. ಒಂದು ನಿಮಿಷದ ಕೆಲಸ.

ಆಮೇಲೆ ಅಕ್ಕನ ಬಾಯಲ್ಲಿ ನಿಜವಾಗಿ ಕಪ್ಪು ಹುಟ್ಟಿದಾಗ ಅದಕ್ಕೆ ಕೂರಲು ಜಾಗ ಮೊದಲೇ ಸಿದ್ಧವಾಗಿತ್ತು. ನಾನು ಮಾಡಿಕೊಟ್ಟ ಜಾಗ. ಹೋದ ಸಲ ಅವರು "ಏನೋ ತಟ್ಟುತ್ತೆ" ಅಂದಾಗ ಗಟ್ಟಿಯಾಗಿ ಕಾರ್ಡು ಓದಿದವಳೂ ನಾನೇ. ನನ್ನ ದನಿಯೇ ಅವರ ದನಿಯನ್ನು ಮುಚ್ಚಿಹಾಕಿತು.

ದೊಡ್ಡ ಡಾಕ್ಟರ ಮೇಲೆ ಸಿಟ್ಟು ಹೋಗಿಲ್ಲ. ಯಾಕೆ ಹೋಗಬೇಕು? ರೋಗಿಯ ಹೆಸರು ಹೇಳಿ ಬರೆಸಿದ್ದರೆ? ತಿರುಗಿ ನಿಂತು ಹೇಳಿದ್ದರೆ? ಮೊದಲ ನಾಲ್ಕು ವರ್ಷ ಅಲ್ಲಿ ಏನೂ ಇಲ್ಲದಾಗ "ಇಲ್ಲಿ ಕಲೆಯೇ ಇಲ್ಲವಲ್ಲ" ಅಂದಿದ್ದರೆ? ಇಲ್ಲದ್ದನ್ನೂ ಹಿಂದಿನಂತೆ ಅಂದ ಮಹಾನುಭಾವ.

ಅತ್ತೆಗೆ ಎಲ್ಲ ಹೇಳಿದೆ. ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ, ಯಾವ ಧೈರ್ಯದ ಮೇಲೆ ಹಾಗಂದುಕೊಂಡೆನೋ.

"ತನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದವರ ತಟ್ಟೇಲಿ ನೊಣ ಹುಡುಕಿದ್ರಂತೆ."

"ಅವರ ತಟ್ಟೆಯಲ್ಲಿರೋದೂ ಹೆಗ್ಗಣಾನೇ ಅತ್ತೆ."

"ಇರಲಿ. ಅವರದ್ದು ಅವರು ತೆಗೀಲಿ. ನಿನ್ನದು ನೀನು ತೆಗಿ."

ಮಾರ್ಚ್ 24, ಸೋಮವಾರ. ಸಂಜೆ

ಕೆಟ್ಟದ್ದೇ. ಮೆಲನೋಮಾ. ಮೈಗೆ ಬಣ್ಣ ಕೊಡುವ ಕಣಗಳೇ ದಾರಿ ತಪ್ಪಿ ಗಡ್ಡೆಯಾಗುವುದಂತೆ. ಚರ್ಮದ ಮೇಲೆ ಬಂದರೆ ಜನ ನೋಡುತ್ತಾರೆ, ಬಾಯೊಳಗೆ ಬಂದರೆ ನಮ್ಮಂಥವರು ನೋಡಬೇಕು. ಕುತ್ತಿಗೆಗೆ ಹರಡಿಲ್ಲ, ಸದ್ಯಕ್ಕೆ. ಎಡ ಅಂಗುಳನ್ನು ಕತ್ತರಿಸಿ ತೆಗೆಯುತ್ತಾರೆ. ಆ ತೂತಿಗೆ ಆಮೇಲೆ ಪ್ಲೇಟು. ಪ್ಲೇಟು ಕೂರುವವರೆಗೆ ಮಾತು ಮೂಗಿನಿಂದ ಸೋರಿಹೋಗುತ್ತದೆ. ಕೂತ ಮೇಲೂ ಮೊದಲಿನ ದನಿ ಬರುತ್ತದೆಂದು ಯಾರೂ ಮಾತು ಕೊಡುತ್ತಿಲ್ಲ.

ವಾಚಿನವರು ಕ್ಲಿನಿಕ್ಕಿನ ನಡುಮಧ್ಯೆ ನಿಂತು ಕೂಗಾಡಿದರು. ಕಾದು ಕೂತವರೆಲ್ಲ ತಮ್ಮ ಹಲ್ಲುನೋವು ಮರೆತರು. "ಇಪ್ಪತ್ತಾರು ವರ್ಷದಿಂದ ಈ ಊರಿಗೆ ಹೊತ್ತು ಹೇಳಿದ್ದು ಅವಳ ಬಾಯಿ. ಆ ಬಾಯೊಳಗೆ ಏನಾಗ್ತಿದೆ ಅಂತ ನೋಡೋಕೆ ನಿಮಗೆ ಹೊತ್ತಿರಲಿಲ್ವಾ?"

ದೊಡ್ಡ ಡಾಕ್ಟರ್ ತಲೆ ತಗ್ಗಿಸಿ ನಿಂತಿದ್ದರು. ಅವರ ಮೇಜಿನ ಮೇಲೆ ಎರಡು ಕಾರ್ಡು ಪಕ್ಕಪಕ್ಕದಲ್ಲಿ. ಅವರಿಗೂ ಗೊತ್ತಾಗಿದೆ. ಈಗ ಹೇಳುತ್ತಾರೆ, ಬೆರಳು ತೋರಿಸುತ್ತಾರೆ ಎಂದು ಕಾದೆ.

"ತಪ್ಪು ನನ್ನದು" ಅಂದರು. "ನೋಡಬೇಕಾದವನು ನಾನು."

ಎಲ್ಲ ಹೋದ ಮೇಲೆ ನಾನು ಅವರ ಮುಂದೆ ನಿಂತೆ. "ಡಾಕ್ಟ್ರೇ, ಆ ಸಾಲು ನಾನು ಬರೆದದ್ದು. ಕಾರ್ಡು ಅದಲುಬದಲಾಗಿತ್ತು."

"ಗೊತ್ತು. ನೀನು ಸುಮ್ಮನಿರು. ಬರೆದವಳದ್ದೇನಿದೆ ಇದರಲ್ಲಿ? ನಾನು ಹೇಳಿದ್ದನ್ನ ಯಾರು ಬೇಕಾದರೂ ಬರೀತಿದ್ರು."

ಒಳ್ಳೆಯ ಮನಸ್ಸಿನಿಂದಲೇ ಅಂದರು, ಅದು ಗೊತ್ತು. ನನ್ನನ್ನು ಉಳಿಸಲಿಕ್ಕೆ ಅಂದರು. ಆದರೂ ಆ ಮಾತು! ಯಾರು ಬೇಕಾದರೂ ಬರೆಯುತ್ತಿದ್ದರಂತೆ. ಹದಿನಾಲ್ಕು ವರ್ಷ ಬರೆದವಳಿಗೆ ಕೆಲಸದ ಹೆಸರು ಸಿಗಲಿಲ್ಲ, ಈಗ ನನ್ನ ತಪ್ಪನ್ನೂ ನನಗೆ ಬಿಡಲಿಲ್ಲ.

ಏಪ್ರಿಲ್ 8, ಮಂಗಳವಾರ. ಬೆಳಿಗ್ಗೆ 7.55

ಇಂದು ಆಪರೇಷನ್. ಈಗ ಒಳಗೆ ಕರೆದುಕೊಂಡು ಹೋಗಿರುತ್ತಾರೆ.

ಮೊದಲೇ ಹೋಗಿ ಹೇಳಬೇಕೆಂದಿದ್ದೆ. ಹದಿನೈದು ದಿನ ಇತ್ತು. ಒಂದು ದಿನ ಗಾಜಿನ ಕೋಣೆಯವರೆಗೂ ಹೋದೆ. ಅಕ್ಕ ರೆಕಾರ್ಡ್ ಮಾಡುತ್ತಿದ್ದರು. ಎಲ್ಲ ರೈಲಿನ ಹೆಸರು, ಎಲ್ಲ ಹೊತ್ತು, ಎಲ್ಲ ಪ್ಲಾಟ್‌ಫಾರಂ, ಒಂದೊಂದಾಗಿ. ರಜೆಯಲ್ಲಿರುವಾಗ ಹಾಕಲಿಕ್ಕೆ. ಗಾಜಿನಾಚೆಯಿಂದ ನನ್ನನ್ನು ನೋಡಿ ಕೈಯೆತ್ತಿ ನಕ್ಕರು. ವಾಪಸ್ ಬಂದೆ. ಆಪರೇಷನ್ನಿಗೆ ಮುಂಚೆ ಮನಸ್ಸು ಕೆಡಿಸಬಾರದು ಎಂದು ನೆಪ ಹೇಳಿಕೊಂಡೆ. ಹೇಡಿಗೆ ನೆಪಕ್ಕೆ ಬರವೇ?

ಈಗ ಆ ರೆಕಾರ್ಡ್ ಕೇಳಿಸುತ್ತಿದೆ. ದಯವಿಟ್ಟು ಗಮನಿಸಿ, ಏಳು ಐವತ್ತೆರಡರ ರೈಲು ಸರಿಯಾದ ಸಮಯಕ್ಕೆ ಬರಲಿದೆ. ಏಳು ಐವತ್ತೈದಾಯಿತು. ರೈಲಿನ ಸುಳಿವಿಲ್ಲ. ರೆಕಾರ್ಡ್ ಮತ್ತೆ ಅದನ್ನೇ ಹೇಳುತ್ತಿದೆ. ಅಕ್ಕ ಇದ್ದಿದ್ದರೆ ಕಿಟಕಿಯಿಂದ ಒಂದು ಸಲ ಹಳಿಯ ಕಡೆ ನೋಡಿ ಆಮೇಲೆ ಬಾಯಿ ತೆರೆಯುತ್ತಿದ್ದರು.

ಏಪ್ರಿಲ್ 17, ಗುರುವಾರ

ಆಸ್ಪತ್ರೆಗೆ ಹೋಗಿದ್ದೆ. ಅಕ್ಕನ ಮುಖದ ಎಡಭಾಗ ಊದಿದೆ. ಮೂಗಿನಿಂದ ನಳಿಗೆ. ಗಡ್ಡೆ ಪೂರ್ತಿ ಹೊರಬಂದಿದೆಯಂತೆ, ಕತ್ತರಿಸಿದ ಅಂಚಿನಲ್ಲಿ ಏನೂ ಉಳಿದಿಲ್ಲವಂತೆ. ಸ್ಲೇಟಿನಷ್ಟು ದೊಡ್ಡ ನೋಟ್‌ಬುಕ್ಕು ಮಡಿಲಲ್ಲಿ. ಮಾತೆಲ್ಲ ಅದರಲ್ಲೇ. ನನ್ನನ್ನು ನೋಡಿ ಬರೆದರು: ನನ್ನ ಜೀವ ಉಳಿಸಿದವರು.

ಅದನ್ನು ಓದಿ ಬಾಳೆಹಣ್ಣು ಇಟ್ಟು ಎದ್ದು ಬಂದೆ. ನುಂಗಲಾಗದವರಿಗೆ ಬಾಳೆಹಣ್ಣು. ನನ್ನ ಬುದ್ಧಿಗಿಷ್ಟು.

ಮೆಟ್ಟಿಲ ಬಳಿ ವಾಚಿನವರು ಹಿಡಿದರು. ದೂರು ಸಿದ್ಧವಾಗಿದೆ. ಮಂಗಳವಾರ ಕೊಡುತ್ತಾರೆ. ನನ್ನ ಸಹಿಯೊಂದು ಬಾಕಿ. ದೊಡ್ಡ ಡಾಕ್ಟರ್ ಈಗ ಕ್ಲಿನಿಕ್ಕಿಗೆ ಬರುವುದನ್ನೇ ನಿಲ್ಲಿಸಿದ್ದಾರೆ. ಲೈಸೆನ್ಸ್ ಹೋಗಬಹುದು ಎಂದು ಚಿಕ್ಕ ಡಾಕ್ಟರ್ ಅತ್ತಳು.

ಏಪ್ರಿಲ್ 22, ಮಂಗಳವಾರ. ಬೆಳಿಗ್ಗೆ 10.20

ಆಸ್ಪತ್ರೆಯ ವರಾಂಡದ ಬೆಂಚು. ಎರಡು ಕಾರ್ಡೂ ಚೀಲದಲ್ಲಿ.

ಹೇಳಿದೆ. ಹಾಸಿಗೆಯ ಮೇಲೆ ಎರಡು ಕಾರ್ಡೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ತೋರಿಸಿದೆ. ಇದು ಯಜಮಾನರ ಕಲೆ, ಇದು ನಿಮ್ಮ ಕಾರ್ಡು, ಇದು ನನ್ನ ಅಕ್ಷರ. ಹೋದ ಸಲ ನೀವು ಹೇಳಿದಾಗ ಗಟ್ಟಿಯಾಗಿ ಓದಿ ನಿಮ್ಮ ಬಾಯಿ ಮುಚ್ಚಿಸಿದವಳೂ ನಾನೇ. ಅಳಬಾರದು ಎಂದುಕೊಂಡಿದ್ದೆ, ಅಳಲಿಲ್ಲ. ಅತ್ತರೆ ಅವರು ಸಮಾಧಾನ ಮಾಡಬೇಕಾಗುತ್ತದೆ, ಅಷ್ಟು ಕೆಲಸವನ್ನೂ ಅವರ ಮೇಲೆ ಹೇರಬೇಕೇ?

ಅಕ್ಕ ಕಾರ್ಡುಗಳನ್ನು ಬಹಳ ಹೊತ್ತು ನೋಡಿದರು. ನೋಟ್‌ಬುಕ್ಕು ಎಳೆದುಕೊಂಡರು. ಪೆನ್ನು ಕಾಗದವನ್ನು ಹರಿಯುವಷ್ಟು ಒತ್ತಿ ಬರೆದರು. ಹದಿನಾಲ್ಕು ವರ್ಷ ಅವರಿವರು ಹೇಳಿದ್ದನ್ನು ಬರೆದೆ. ಇಂದು ಅವರು ಬರೆಯುವುದನ್ನು ಕೈಕಟ್ಟಿ ಕಾದು ನಿಂತೆ.

'ಪ್ರತಿ ಸಲವೂ ನನ್ನ ಬಾಯಿ ತೆರೆದೇ ಇತ್ತು. ಇಬ್ಬರಿದ್ದಿರಿ. ಒಬ್ಬರಾದರೂ ನೋಡಬಹುದಿತ್ತು.'

ಕ್ಷಮಿಸಿ ಅಂದೆ. ಅವರು ಕಿಟಕಿಯ ಕಡೆ ತಿರುಗಿದರು. ಸಿಟ್ಟಿನಿಂದ ಅವರ ಭುಜ ಏರಿಳಿಯುತ್ತಿತ್ತು. ಬೈಯಲಿಕ್ಕೂ ದನಿ ಇಲ್ಲದ ಹಾಗೆ ಮಾಡಿದ್ದೇನೆ ಅನಿಸಿತು. ಹೊರಡಲು ಕಾರ್ಡು ಎತ್ತಿಕೊಂಡೆ. ಆಗ ನೋಟ್‌ಬುಕ್ಕಿನ ಹಾಳೆ ತಟ್ಟಿ ಕರೆದು, ಇನ್ನೊಂದು ಸಾಲು ಬರೆದು, ಹಾಳೆಯನ್ನೇ ಹರಿದು ನನ್ನ ಕೈಗೆ ಕೊಟ್ಟರು. ಈಗ ಅದು ಈ ಡೈರಿಯ ಮಧ್ಯದಲ್ಲಿದೆ.

'ಅವರು ಹತ್ತೂವರೆಗೆ ದೂರು ಹಿಡಿದು ಬರುತ್ತಾರೆ. ಸಹಿ ಹಾಕುವ ಮುಂಚೆ ನೀವೇ ಹೇಳಿ. ನನಗೆ ದನಿ ಇಲ್ಲ.'

ಹತ್ತು ಇಪ್ಪತ್ತೆಂಟು. ಮೊದಲ ಮಾತು ಏನೆಂದು ಬರೆದಿಟ್ಟುಕೊಂಡರೆ ತಪ್ಪುವುದಿಲ್ಲ ಎಂದು ಡೈರಿ ತೆಗೆದದ್ದು. ಬರೆದದ್ದನ್ನು ಓದಬಾರದು, ಈ ಸಲ ಅವರ ಮುಖ ನೋಡಿ ಹೇಳಬೇಕು.

ಮೆಟ್ಟಿಲಲ್ಲಿ ಹೆಜ್ಜೆ. ಅವರೇ. ಹಣೆಯ ಮೇಲೆ ಭೂತಗನ್ನಡಿ ಇಲ್ಲ, ಕೈಯಲ್ಲಿ ಉದ್ದ ಕವರು. ಇನ್ನೊಂದು ಕೈಯಲ್ಲಿ ನನಗೆಂದು ಪೆನ್ನಿನ ಮುಚ್ಚಳ ತೆಗೆಯುತ್ತಾ, ನಗುತ್ತಾ ಬರುತ್ತಿದ್ದಾರೆ. ಹೇಳುವುದು ಇಷ್ಟೇ: ನಿಮ್ಮ ಬಾಯಲ್ಲಿ ಒಂದು ಕಲೆ ಇದೆ, ಅದನ್ನು ನಾನು